ಸಾಲುಗಳ ಕ್ರಮ ಬೇರೆ, ಕಾನ್ಫಿಗ್ ಒಂದೇನಾ? ಎರಡು ಸರ್ವರ್ ಫೈಲುಗಳನ್ನು ಹೋಲಿಸುವ ಬಗೆ

‘ಹಳೆ ಸರ್ವರ್ ಮತ್ತು ಹೊಸ ಸರ್ವರ್, ಎರಡರ ಕಾನ್ಫಿಗ್ ಫೈಲನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಸೆಟ್ಟಿಂಗ್‌ಗಳೆಲ್ಲ ಅವೇ ಇದ್ದ ಹಾಗಿದೆ, ಸಾಲುಗಳು ಮಾತ್ರ ಹಿಂದುಮುಂದು. ಡಿಫ್ ಓಡಿಸಿದರೆ ಪರದೆ ತುಂಬ ಕೆಂಪು, ಹಸಿರು. ಎರಡೂ ಒಂದೇನಾ ಅಂತ ತಿಳಿಯೋದು ಹೇಗೆ?’ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಒಂದೊಂದಾಗಿ ಉತ್ತರಿಸುವ ಬದಲು ಪೂರ್ತಿ ವಿಧಾನವನ್ನು ಇಲ್ಲಿ ಬರೆದಿದ್ದೇನೆ.

ಕಾನ್ಫಿಗ್ ಫೈಲು ಅಂದರೆ ಒಂದು ಪ್ರೋಗ್ರಾಂ ಹೇಗೆ ನಡೆಯಬೇಕು ಎಂಬ ಸೆಟ್ಟಿಂಗ್‌ಗಳನ್ನು ಬರೆದಿಡುವ ಫೈಲು. ಡಿಫ್ ಅಂದರೆ ಎರಡು ಫೈಲುಗಳ ವ್ಯತ್ಯಾಸ ತೋರಿಸುವ ಕಮಾಂಡ್. ಅದು 1970ರ ದಶಕದ ಶುರುವಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿತು. ಎರಡೂ ಫೈಲುಗಳಲ್ಲಿ ಒಂದೇ ಕ್ರಮದಲ್ಲಿ ಬರುವ ಸಾಲುಗಳನ್ನು ಆದಷ್ಟು ಹೆಚ್ಚಾಗಿ ಹುಡುಕಿ, ಉಳಿದದ್ದೆಲ್ಲ ವ್ಯತ್ಯಾಸ ಎಂದು ಹೇಳುತ್ತದೆ. ಹಾಗಾಗಿ ಒಂದು ಸಾಲು ಮೇಲಿಂದ ಕೆಳಗೆ ಹೋದರೆ, ‘ಇಲ್ಲಿ ಅಳಿಸಿದ್ದಾರೆ, ಅಲ್ಲಿ ಸೇರಿಸಿದ್ದಾರೆ’ ಎಂದು ಎರಡು ಸಲ ತೋರಿಸುತ್ತದೆ. ಅದು ಡಿಫ್‌ನ ತಪ್ಪಲ್ಲ. ಸಾಲಿನ ಜಾಗ ಬದಲಾದರೆ ಅರ್ಥವೂ ಬದಲಾಗುತ್ತದೆಯೇ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ, ಅಷ್ಟೆ.

ಎಲ್ಲರೂ ಕೊಡುವ ಸುಲಭದ ಉತ್ತರ: ಎರಡನ್ನೂ ಸಾರ್ಟ್ ಮಾಡಿ, ಅಂದರೆ ಸಾಲುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿ, ಆಮೇಲೆ ಡಿಫ್ ಹಾಕಿ. ಕೆಲವು ಫೈಲುಗಳಿಗೆ ಇದು ಸರಿ. ಇನ್ನು ಕೆಲವಕ್ಕೆ ನಿಜಕ್ಕೂ ಅಪಾಯ. ಪಾಸ್‌ವರ್ಡ್ ಒಪ್ಪುವ ಸರ್ವರ್ರೂ ಒಪ್ಪದ ಸರ್ವರ್ರೂ ಒಂದೇ ಎಂದು ಅದು ತೋರಿಸಿಬಿಡಬಹುದು. ಹೇಗೆ ಅಂತ ಎರಡನೇ ಹಂತದಲ್ಲಿ ನೋಡೋಣ. ಕ್ರಮಕ್ಕೆ ಬೆಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಆ ಫೈಲನ್ನು ಓದುವ ಪ್ರೋಗ್ರಾಂ. ಆದ್ದರಿಂದ ಮೊದಲು ಕೇಳಬೇಕಾದ್ದು ಅದನ್ನೇ.

ಏನೇನು ಬೇಕು

ಎರಡೂ ಸರ್ವರ್‌ಗಳಿಗೆ ರೂಟ್ ಅಥವಾ ಸುಡೋ ಅನುಮತಿ, ಅಂದರೆ ನಿರ್ವಾಹಕರ ಅಧಿಕಾರ, ಬೇಕು. ಹೋಲಿಕೆಗೆ ಒಂದು ಲಿನಕ್ಸ್ ಟರ್ಮಿನಲ್ ಬೇಕು. ಪಠ್ಯದ ಸಾಲುಗಳನ್ನು ಜೋಡಿಸುವ ಸಾರ್ಟ್, ಹೋಲಿಸುವ ಕಾಮ್ ಮತ್ತು ಡಿಫ್, ಹುಡುಕುವ ಗ್ರೆಪ್, ತಿದ್ದುವ ಸೆಡ್ ಮತ್ತು ಆಕ್ ಇವೆಲ್ಲ ಅದರಲ್ಲಿ ಇದ್ದೇ ಇರುತ್ತವೆ. ಜೇಸನ್ (ಹೆಸರು, ವ್ಯಾಲ್ಯೂ ಜೋಡಿಗಳಾಗಿ ಡೇಟಾ ಬರೆಯುವ ಒಂದು ರೂಪ) ಫೈಲುಗಳಿದ್ದರೆ ಅದನ್ನು ಓದುವ ಜೆಕ್ಯೂ ಎಂಬ ಟೂಲನ್ನೂ ಹಾಕಿಕೊಳ್ಳಿ. ಕಮಾಂಡುಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷ್ ಅಕ್ಷರ ಬಳಸಿ.

ಎಚ್ಚರಿಕೆ: ಕಾನ್ಫಿಗ್ ಫೈಲುಗಳಲ್ಲಿ ಡೇಟಾಬೇಸ್ ಪಾಸ್‌ವರ್ಡ್, ಟೋಕನ್, ಒಳಗಿನ ಐಪಿ ವಿಳಾಸ ಎಲ್ಲ ಇರುತ್ತವೆ. ಸುಲಭ ಅಂತ ಅವನ್ನು ಆನ್‌ಲೈನ್ ಹೋಲಿಕೆ ಸೈಟುಗಳಿಗೆ ಪೇಸ್ಟ್ ಮಾಡಬೇಡಿ. ನಿಮ್ಮ ಯಂತ್ರಕ್ಕೆ ತಂದ ನಕಲುಗಳಿಗೂ ಸಿಎಚ್‌ಮಾಡ್ 600 ಹಾಕಿ (ಆಗ ಅವನ್ನು ನೀವು ಮಾತ್ರ ಓದಬಹುದು), ಕೆಲಸ ಮುಗಿದ ಮೇಲೆ ಅಳಿಸಿ.

1. ಪೂರ್ತಿ ಕಾನ್ಫಿಗ್ ತನ್ನಿ, ಒಂದು ಫೈಲು ಸಾಲದು

ಮೂಲ ಫೈಲಿನ ಮೇಲೆ ಕೈಯಿಡಬೇಡಿ. ನಕಲು ಮಾಡಿಕೊಂಡು ‘ಹಳೆ’, ‘ಹೊಸ’ ಎಂಬ ಎರಡು ಫೋಲ್ಡರಿನಲ್ಲಿ ಇಡಿ.

ಇಲ್ಲಿ ತುಂಬ ಜನ ಎಡವುವುದು ಇನ್‌ಕ್ಲೂಡ್‌ನಲ್ಲಿ. ಇನ್‌ಕ್ಲೂಡ್ ಅಂದರೆ ‘ಇನ್ನೊಂದು ಫೈಲನ್ನೂ ಇಲ್ಲಿಗೆ ಸೇರಿಸಿ ಓದು’ ಎಂದು ಹೇಳುವ ಸಾಲು. ಮುಖ್ಯ ಫೈಲು ಎರಡು ಕಡೆಯೂ ಅಕ್ಷರಶಃ ಒಂದೇ ಇರಬಹುದು, ಅದು ಎಳೆದುಕೊಳ್ಳುವ ಫೋಲ್ಡರಿನಲ್ಲಿ ಒಂದು ಕಡೆ ಮೂರು ಫೈಲು, ಇನ್ನೊಂದು ಕಡೆ ನಾಲ್ಕು ಇರಬಹುದು. ಉಬುಂಟುವಿನ ಕ್ಲೌಡ್ ಇಮೇಜುಗಳಲ್ಲಿ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವ್ಯವಸ್ಥೆ) ಸರ್ವರಿಗೆ 50 ಎಂಬ ಅಂಕಿಯಿಂದ ಶುರುವಾಗುವ, ಹೊಸ ಸರ್ವರನ್ನು ಸಜ್ಜುಮಾಡುವ ಕ್ಲೌಡ್-ಇನಿಟ್ ಟೂಲಿನ ಒಂದು ಫೈಲು ತಾನಾಗಿಯೇ ಬಂದು ಕೂತಿರುತ್ತದೆ. ಅದನ್ನು ನಾವು ಬರೆದಿಲ್ಲವಾದ್ದರಿಂದ ನೆನಪೇ ಇರುವುದಿಲ್ಲ ಅಲ್ವಾ?

ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಆದರೆ ಕೆಲಸ ಸುಲಭ. ಅದಕ್ಕೆ ಕ್ಯಾಪಿಟಲ್ ಟಿ ಆಯ್ಕೆ ಕೊಟ್ಟರೆ ಮುಖ್ಯ ಫೈಲನ್ನೂ ಸೇರಿಸಿಕೊಂಡ ಎಲ್ಲ ಫೈಲುಗಳನ್ನೂ ಒಂದಾದ ಮೇಲೊಂದು ಮುದ್ರಿಸುತ್ತದೆ. ಲಿನಕ್ಸ್‌ನಲ್ಲಿ ಸರ್ವಿಸುಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಂಡಿಯ ಯೂನಿಟ್ ಫೈಲುಗಳಿಗೆ ‘ಸಿಸ್ಟಂಸಿಟಿಎಲ್ ಕ್ಯಾಟ್’ ಇದೆ. ಬೇರೆ ಪ್ರೋಗ್ರಾಂಗಳಿಗೆ ಇನ್‌ಕ್ಲೂಡ್ ಸಾಲುಗಳನ್ನು ಗ್ರೆಪ್ ಮಾಡಿ, ಅವು ತೋರಿಸುವ ಫೋಲ್ಡರುಗಳನ್ನು ಪೂರ್ತಿಯಾಗಿ ತನ್ನಿ.

ಜೊತೆಗೆ ಎರಡು ಕಡೆಯ ಪ್ರೋಗ್ರಾಂ ವರ್ಷನ್ ಬರೆದಿಟ್ಟುಕೊಳ್ಳಿ. ಆರನೇ ಹಂತದಲ್ಲಿ ಇದು ಬೇಕೇಬೇಕು.

2. ಈ ಫೈಲಿನಲ್ಲಿ ಕ್ರಮಕ್ಕೆ ಬೆಲೆ ಇದೆಯಾ, ಗೊತ್ತುಮಾಡಿಕೊಳ್ಳಿ

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದ ಹಂತ ಇದು. ಒಂದೇ ಸೆಟ್ಟಿಂಗ್ ಎರಡು ಸಲ ಬಂದರೆ ಪ್ರೋಗ್ರಾಂ ಯಾವುದನ್ನು ಹಿಡಿಯುತ್ತದೆ ಎಂದು ಮೊದಲು ಕೇಳಿಕೊಳ್ಳಿ.

ಮೊದಲನೆಯದು ಗೆಲ್ಲುವ ಫೈಲುಗಳು. ಎಸ್‌ಎಸ್‌ಎಚ್ ಸರ್ವರಿನ ಕಾನ್ಫಿಗ್ ಹೀಗೆ. ಹೆಚ್ಚಿನ ಸೆಟ್ಟಿಂಗ್‌ಗಳಲ್ಲಿ ಮೊದಲು ಸಿಕ್ಕ ವ್ಯಾಲ್ಯೂ ನಿಲ್ಲುತ್ತದೆ, ಮುಂದೆ ಬಂದದ್ದಕ್ಕೆ ಬೆಲೆ ಇಲ್ಲ. ಈ ಎರಡು ತುಣುಕು ನೋಡಿ.

ಹಳೆ:
ಪಾಸ್‌ವರ್ಡ್‌ಅಥೆಂಟಿಕೇಶನ್ ನೋ
ಪಾಸ್‌ವರ್ಡ್‌ಅಥೆಂಟಿಕೇಶನ್ ಎಸ್

ಹೊಸ:
ಪಾಸ್‌ವರ್ಡ್‌ಅಥೆಂಟಿಕೇಶನ್ ಎಸ್
ಪಾಸ್‌ವರ್ಡ್‌ಅಥೆಂಟಿಕೇಶನ್ ನೋ

ಸಾರ್ಟ್ ಮಾಡಿದರೆ ಎರಡೂ ಒಂದೇ. ನಿಜದಲ್ಲಿ ಹಳೆಯದು ಪಾಸ್‌ವರ್ಡ್ ಒಪ್ಪುವುದಿಲ್ಲ, ಹೊಸದು ಒಪ್ಪುತ್ತದೆ. ಒಂದೇ ಫೈಲಿನಲ್ಲಿ ಯಾರು ಹೀಗೆ ಬರೆಯುತ್ತಾರೆ ಅನ್ನಿಸಬಹುದು. ಆದರೆ ಡೆಬಿಯನ್ ಮತ್ತು ಉಬುಂಟುವಿನ ಈಗಿನ ಫೈಲುಗಳಲ್ಲಿ ಇನ್‌ಕ್ಲೂಡ್ ಸಾಲು ಮೇಲ್ಗಡೆಯೇ ಇರುತ್ತದೆ. ಹಾಗಾಗಿ ಸೇರಿಸಿದ ಫೈಲಿನ ‘ಎಸ್’ ಮೊದಲು ಬರುತ್ತದೆ, ನೀವು ಮುಖ್ಯ ಫೈಲಿನಲ್ಲಿ ಬರೆದ ‘ನೋ’ ಸೋಲುತ್ತದೆ. ಎಸ್‌ಎಸ್‌ಎಚ್ ಬಿಗಿ ಮಾಡಿದ್ದೇವೆ ಅಂದುಕೊಂಡ ಸರ್ವರ್ ತೆರೆದೇ ಇರುವುದಕ್ಕೆ ಇದು ಮಾಮೂಲಿ ಕಾರಣ.

ಅದೇ ಫೈಲಿನ ಮ್ಯಾಚ್ ಸಾಲನ್ನೂ ಗಮನಿಸಿ. ಮ್ಯಾಚ್ ಅಂದರೆ ‘ಇಂಥ ಬಳಕೆದಾರರಿಗೆ ಅಥವಾ ಇಂಥ ವಿಳಾಸಕ್ಕೆ ಮಾತ್ರ’ ಎಂಬ ಷರತ್ತು. ಅದರ ಕೆಳಗಿನ ಸಾಲುಗಳೆಲ್ಲ, ಮುಂದಿನ ಮ್ಯಾಚ್ ಬರುವ ತನಕ ಇಲ್ಲವೇ ಫೈಲು ಮುಗಿಯುವ ತನಕ, ಆ ಷರತ್ತಿಗೆ ಸೇರುತ್ತವೆ. ಸಾರ್ಟ್ ಮಾಡಿದರೆ ಯಾವುದು ಯಾವುದರ ಕೆಳಗಿತ್ತು ಎಂಬುದೇ ಉಳಿಯುವುದಿಲ್ಲ.

ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಯಾರು ಒಳಬರಬಹುದು ಎಂದು ಹೇಳುವ ಪಿಜಿ_ಎಚ್‌ಬಿಎ ಫೈಲು, ಲಿನಕ್ಸ್ ಫೈರ್‌ವಾಲ್ ಆದ ಐಪಿಟೇಬಲ್ಸ್‌ನ ನಿಯಮಗಳು, ಎಂಜಿನ್‌ಎಕ್ಸ್‌ನ ಅಲೋ ಮತ್ತು ಡಿನೈ ಸಾಲುಗಳು ಇದೇ ಜಾತಿಗೆ ಹತ್ತಿರ. ಇವುಗಳಲ್ಲಿ ಮೇಲಿಂದ ನೋಡುತ್ತಾ ಬಂದು, ಹೊಂದುವ ಮೊದಲ ನಿಯಮ ಸಿಕ್ಕ ಕೂಡಲೇ ತೀರ್ಮಾನ ಆಗಿಬಿಡುತ್ತದೆ. ಐಪಿಟೇಬಲ್ಸ್‌ನಲ್ಲಿ ಲಾಗ್ ಬರೆದು ಮುಂದೆ ಸಾಗುವಂಥ ನಿಯಮಗಳು ಮಾತ್ರ ಇದಕ್ಕೆ ಹೊರತು. ‘ಎಲ್ಲರನ್ನೂ ತಡೆ’ ಎಂಬ ಸಾಲು ಮೇಲಿದ್ದರೆ ಕೆಳಗಿನ ‘ಇವರನ್ನು ಬಿಡು’ ಎಂಬುದಕ್ಕೆ ಸರದಿಯೇ ಬರುವುದಿಲ್ಲ. ಇಂಥ ಫೈಲುಗಳನ್ನು ಸಾರ್ಟ್ ಮಾಡಲೇಬೇಡಿ.

ಕೊನೆಯದು ಗೆಲ್ಲುವ ಫೈಲುಗಳು. ಪೋಸ್ಟ್‌ಗ್ರೆಸ್‌ನ ಮುಖ್ಯ ಕಾನ್ಫಿಗ್, ಮೈಎಸ್‌ಕ್ಯೂಎಲ್ ಡೇಟಾಬೇಸಿನ ಫೈಲು, ಲಿನಕ್ಸ್ ಕರ್ನಲ್ಲಿನ ಸೆಟ್ಟಿಂಗ್‌ಗಳಿರುವ ಸಿಸ್‌ಸಿಟಿಎಲ್ ಫೈಲುಗಳು ಹೀಗೆ. ಪೋಸ್ಟ್‌ಗ್ರೆಸ್‌ನಲ್ಲಿ ಇನ್ನೊಂದು ತಿರುವು ಇದೆ. ‘ಆಲ್ಟರ್ ಸಿಸ್ಟಂ’ ಕಮಾಂಡಿನಿಂದ ಮಾಡಿದ ಬದಲಾವಣೆಗಳು ಆಟೋ ಎಂಬ ಹೆಸರಿನ ಬೇರೆ ಫೈಲಿಗೆ ಹೋಗುತ್ತವೆ. ಅದನ್ನು ಎಲ್ಲಕ್ಕಿಂತ ಕೊನೆಗೆ ಓದುತ್ತದೆ, ಹಾಗಾಗಿ ಅದರ ಮಾತೇ ನಡೆಯುತ್ತದೆ. ಮುಖ್ಯ ಫೈಲನ್ನು ಮಾತ್ರ ಹೋಲಿಸಿದವರಿಗೆ ಇದು ಕಾಣುವುದೇ ಇಲ್ಲ.

ಸೇರುತ್ತಾ ಹೋಗುವ ಸೆಟ್ಟಿಂಗ್‌ಗಳು. ಎಸ್‌ಎಸ್‌ಎಚ್‌ನಲ್ಲಿ ಪೋರ್ಟ್, ಅಲೋಯೂಸರ್ಸ್ ಇವನ್ನು ಎಷ್ಟು ಸಲ ಬರೆದರೂ ಪಟ್ಟಿಗೆ ಸೇರುತ್ತವೆ. ಇವುಗಳ ಕ್ರಮ ಬದಲಾದರೆ ತೊಂದರೆ ಇಲ್ಲ. ಆದರೆ ಸಿಸ್ಟಂಡಿಯಲ್ಲಿ, ಓಡಿಸಬೇಕಾದ ಕಮಾಂಡನ್ನು ಹೇಳುವ ಎಕ್ಸೆಕ್‌ಸ್ಟಾರ್ಟ್ ಎದುರು ಏನೂ ಬರೆಯದೆ ಖಾಲಿ ಬಿಟ್ಟರೆ, ಅಲ್ಲಿಯ ತನಕದ ಪಟ್ಟಿಯೇ ಅಳಿಸಿಹೋಗುತ್ತದೆ. ಅಲ್ಲಿ ಆ ಖಾಲಿ ಎಕ್ಸೆಕ್‌ಸ್ಟಾರ್ಟ್ ಸಾಲು ಎಲ್ಲಿದೆ ಎಂಬುದೇ ಮುಖ್ಯ.

ಎಂಜಿನ್‌ಎಕ್ಸ್ ಇವೆಲ್ಲ ಬೆರೆತಿರುವ ಫೈಲು. ಯಾವ ವಿಳಾಸಕ್ಕೆ ಏನು ಮಾಡಬೇಕು ಎಂದು ಹೇಳುವ ಲೊಕೇಶನ್ ಬ್ಲಾಕುಗಳಲ್ಲಿ ಸಾದಾ ವಿಳಾಸದವು ಯಾವ ಕ್ರಮದಲ್ಲಿದ್ದರೂ ನಡೆಯುತ್ತದೆ, ಯಾಕೆಂದರೆ ಹೊಂದುವುದರಲ್ಲಿ ಅತಿ ಉದ್ದದ್ದನ್ನು ಅದು ಆರಿಸುತ್ತದೆ. ರೆಜೆಕ್ಸ್ ಇರುವವು, ಅಂದರೆ ಮಾದರಿ ಕೊಟ್ಟು ಹೊಂದಿಸುವವು, ಬರೆದ ಕ್ರಮದಲ್ಲೇ ಪರೀಕ್ಷೆಯಾಗುತ್ತವೆ, ಮೊದಲು ಹೊಂದಿದ್ದು ಗೆಲ್ಲುತ್ತದೆ. ಒಂದೊಂದು ಸೈಟಿನ ಸೆಟ್ಟಿಂಗ್ ಇರುವ ಸರ್ವರ್ ಬ್ಲಾಕುಗಳಲ್ಲಿ ಡಿಫಾಲ್ಟ್, ಅಂದರೆ ಯಾವ ಹೆಸರಿಗೂ ಹೊಂದದ ಕೋರಿಕೆ ಹೋಗುವ ಬ್ಲಾಕು, ಯಾವುದು ಎಂದು ಎಲ್ಲೂ ಹೇಳದಿದ್ದರೆ ಆ ಪೋರ್ಟಿನ ಮೊದಲ ಬ್ಲಾಕೇ ಡಿಫಾಲ್ಟ್. ಫೈಲಿನ ಹೆಸರು ಬದಲಾದರೂ ಇದು ಬದಲಾಗಬಹುದು, ಏಕೆಂದರೆ ಇನ್‌ಕ್ಲೂಡ್‌ನಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಫೈಲುಗಳು ಅಕ್ಷರಕ್ರಮದಲ್ಲಿ ಒಳಗೆ ಬರುತ್ತವೆ.

ಒಂದೇ ಸಾಲಿನ ಒಳಗೂ ಕ್ರಮ ಇರುತ್ತದೆ ಎಂಬುದು ನೆನಪಿರಲಿ. ಇಂಡೆಕ್ಸ್ ಸಾಲಿನಲ್ಲಿ ಬರೆದ ಫೈಲುಗಳನ್ನು ಎಂಜಿನ್‌ಎಕ್ಸ್ ಎಡದಿಂದ ಹುಡುಕುತ್ತದೆ. ಸರ್ವರ್_ನೇಮ್‌ನಲ್ಲಿ ಮೊದಲು ಬರೆದ ಹೆಸರೇ ಮುಖ್ಯ ಹೆಸರು. ಬಂದವರನ್ನು ಬೇರೆ ವಿಳಾಸಕ್ಕೆ ಕಳಿಸುವ ರೀಡೈರೆಕ್ಟ್‌ನಲ್ಲಿ ಸರ್ವರ್_ನೇಮ್ ವೇರಿಯಬಲ್ ಬಳಸಿದ್ದರೆ ಹೆಸರುಗಳು ಅದಲುಬದಲಾದಾಗ ಜನ ಬೇರೆ ವಿಳಾಸಕ್ಕೆ ಹೋಗುತ್ತಾರೆ. ಎಸ್‌ಎಸ್‌ಎಚ್‌ನ ಅಲೋಯೂಸರ್ಸ್ ಸಾಲಿನಲ್ಲಿ ಮಾತ್ರ ಹೆಸರುಗಳು ಹೇಗಿದ್ದರೂ ಒಂದೇ.

3. ಪ್ರೋಗ್ರಾಂ ಏನು ಓದಿಕೊಂಡಿದೆ ಎಂದು ಅದನ್ನೇ ಕೇಳಿ

ಒಳ್ಳೆಯ ಸುದ್ದಿ ಏನೆಂದರೆ, ತುಂಬ ಸರ್ವರ್ ಪ್ರೋಗ್ರಾಂಗಳು ತಮಗೆ ಅರ್ಥವಾದ ಕಾನ್ಫಿಗ್ಗನ್ನು ಬಿಡಿಸಿ ಹೇಳುತ್ತವೆ. ಆ ಉತ್ತರದಲ್ಲಿ ಇನ್‌ಕ್ಲೂಡ್, ಡಿಫಾಲ್ಟ್, ಗೆದ್ದ ಸಾಲು, ಸೋತ ಸಾಲು ಎಲ್ಲದರ ಲೆಕ್ಕವೂ ಆಗಿಬಿಟ್ಟಿರುತ್ತದೆ. ಡಿಫಾಲ್ಟ್ ಅಂದರೆ ನಾವು ಏನೂ ಹೇಳದಿದ್ದಾಗ ಪ್ರೋಗ್ರಾಂ ತಾನೇ ಹಿಡಿಯುವ ವ್ಯಾಲ್ಯೂ. ನನ್ನ ಮಟ್ಟಿಗೆ ಈ ದಾರಿ ಇರುವಾಗ ಫೈಲಿನ ಪಠ್ಯ ಹೋಲಿಸುತ್ತಾ ಕೂರುವುದು ಸುಮ್ನೆ ಕಾಲಹರಣ.

ಎಸ್‌ಎಸ್‌ಎಚ್: ಎಸ್‌ಎಸ್‌ಎಚ್ ಸರ್ವರಿನ ಪ್ರೋಗ್ರಾಂ ಆದ ಎಸ್‌ಎಸ್‌ಎಚ್‌ಡಿಗೆ ಕ್ಯಾಪಿಟಲ್ ಟಿ ಆಯ್ಕೆ ಕೊಟ್ಟು, ಸುಡೋ ಜೊತೆ ಓಡಿಸಿ. ಎಲ್ಲ ಸೆಟ್ಟಿಂಗ್‌ಗಳೂ ಸಣ್ಣಕ್ಷರದಲ್ಲಿ, ಒಂದೊಂದು ಸಾಲಾಗಿ ಬರುತ್ತವೆ. ಎರಡೂ ಕಡೆಯ ಉತ್ತರವನ್ನು ಫೈಲಿಗೆ ಹಾಕಿಕೊಂಡು ಸಾರ್ಟ್ ಮಾಡಿ ಹೋಲಿಸಿ. ಇಲ್ಲಿ ಸಾರ್ಟ್ ಮಾಡುವುದು ಕ್ಷೇಮ, ಯಾಕೆಂದರೆ ಗೆಲುವು ಸೋಲು ಆಗಲೇ ತೀರ್ಮಾನವಾಗಿದೆ. ಎಚ್ಚರಿಕೆ: ಮ್ಯಾಚ್ ಷರತ್ತುಗಳು ಇದ್ದರೆ ಬರೀ ಇಷ್ಟು ಸಾಲದು. ಕ್ಯಾಪಿಟಲ್ ಸಿ ಆಯ್ಕೆಯಲ್ಲಿ ಬಳಕೆದಾರ, ಹೋಸ್ಟ್, ವಿಳಾಸ ಕೊಟ್ಟು ‘ಇವರು ಬಂದರೆ ಏನು ಮಾಡುತ್ತೀಯ’ ಎಂದು ಕೇಳಬೇಕು. ಪ್ರತಿ ಮ್ಯಾಚ್‌ಗೂ ಒಂದೊಂದು ಸಲ ಕೇಳಿ.

ಪೋಸ್ಟ್‌ಗ್ರೆಸ್: ಪಿಜಿ_ಸೆಟ್ಟಿಂಗ್ಸ್ ಎಂಬ ವ್ಯೂನಿಂದ (ಟೇಬಲಿನಂತೆ ಓದಬಹುದಾದ ಪಟ್ಟಿ) ಹೆಸರು, ವ್ಯಾಲ್ಯೂ, ಯೂನಿಟ್ ಇವನ್ನು ಹೆಸರಿನ ಕ್ರಮದಲ್ಲಿ ತೆಗೆಯಿರಿ. ಯಾವ ಸಾಲು ಯಾವ ಫೈಲಿನಿಂದ ಬಂತು, ಅದು ಜಾರಿಯಾಯಿತಾ ಎಂಬುದನ್ನು ಪಿಜಿ_ಫೈಲ್_ಸೆಟ್ಟಿಂಗ್ಸ್ ಹೇಳುತ್ತದೆ. ಎಚ್‌ಬಿಎ ನಿಯಮಗಳಿಗೆ, ವರ್ಷನ್ 10ರಿಂದ, ಪಿಜಿ_ಎಚ್‌ಬಿಎ_ಫೈಲ್_ರೂಲ್ಸ್ ಇದೆ. ಅದನ್ನು ಮಾತ್ರ ಸಾಲಿನ ನಂಬರಿನ ಕ್ರಮದಲ್ಲೇ ಇಟ್ಟು, ನಂಬರನ್ನು ಬಿಟ್ಟು ಹೋಲಿಸಿ.

ಮೈಎಸ್‌ಕ್ಯೂಎಲ್: ಶೋ ಗ್ಲೋಬಲ್ ವೇರಿಯಬಲ್ಸ್. ವರ್ಷನ್ 8ರಿಂದ ಸೆಟ್ ಪರ್ಸಿಸ್ಟ್ ಮೂಲಕ ಮಾಡಿದ ಬದಲಾವಣೆ ಡೇಟಾ ಫೋಲ್ಡರಿನ ಬೇರೆ ಫೈಲಿನಲ್ಲಿ ಕೂರುತ್ತದೆ, ಆದರೆ ಈ ಪಟ್ಟಿಯಲ್ಲಿ ಅದೂ ಕಾಣುತ್ತದೆ. ಕರ್ನಲ್ ಸೆಟ್ಟಿಂಗ್‌ಗಳಿಗೆ ಸಿಸ್‌ಸಿಟಿಎಲ್ ಮೈನಸ್ ಎ ಇದೆ.

ಒಂದು ವ್ಯತ್ಯಾಸ ಮರೆಯಬೇಡಿ. ಎಸ್‌ಎಸ್‌ಎಚ್‌ಡಿ ಹೇಳುವುದು ಈಗ ಫೈಲಿನಲ್ಲಿ ಇರುವುದನ್ನು. ಓಡುತ್ತಿರುವ ಸರ್ವರ್ ಇನ್ನೂ ಹಳೆಯದನ್ನೇ ಹಿಡಿದುಕೊಂಡಿರಬಹುದು. ಪಿಜಿ_ಸೆಟ್ಟಿಂಗ್ಸ್ ಹೇಳುವುದು ಓಡುತ್ತಿರುವುದನ್ನು. ಅದರ ಪೆಂಡಿಂಗ್_ರೀಸ್ಟಾರ್ಟ್ ಕಾಲಂ ನೋಡಿದರೆ, ಫೈಲಿನಲ್ಲಿ ಬದಲಾಗಿ ಇನ್ನೂ ಜಾರಿಗೆ ಬರದ ಸೆಟ್ಟಿಂಗ್ ಸಿಗುತ್ತದೆ.

ಎಂಜಿನ್‌ಎಕ್ಸ್ ಇಲ್ಲಿ ಸ್ವಲ್ಪ ಕೈಕೊಡುತ್ತದೆ. ಕ್ಯಾಪಿಟಲ್ ಟಿ ಫೈಲುಗಳನ್ನು ಮುದ್ರಿಸುತ್ತದೆಯೇ ಹೊರತು ಅರ್ಥ ಬಿಡಿಸಿ ಹೇಳುವುದಿಲ್ಲ. ಕ್ರಾಸ್‌ಪ್ಲೇನ್ ಎಂಬ ಟೂಲು ಎಂಜಿನ್‌ಎಕ್ಸ್ ಫೈಲನ್ನು ಜೇಸನ್ ಆಗಿ ಬದಲಿಸುತ್ತದೆ, ಯಾವ ಸಾಲು ಯಾವ ಬ್ಲಾಕಿನೊಳಗೆ ಎಂಬುದು ಉಳಿಯುತ್ತದೆ. ಇದು ಮುಖ್ಯ. ಉತ್ತರದ ಜೊತೆ ಹೋಗುವ ಮಾಹಿತಿ ಸಾಲುಗಳನ್ನು, ಅಂದರೆ ಹೆಡರುಗಳನ್ನು, ಸೇರಿಸುವ ಆಡ್_ಹೆಡರ್ ಸಾಲನ್ನು ನೋಡಿ: ಒಂದು ಲೊಕೇಶನ್ ಒಳಗೆ ತನ್ನದೇ ಆಡ್_ಹೆಡರ್ ಇದ್ದರೆ, ಮೇಲಿನ ಸರ್ವರ್ ಬ್ಲಾಕಿನವು ಮಾಮೂಲಿಯಾಗಿ ಅದಕ್ಕೆ ಬರುವುದೇ ಇಲ್ಲ. ಅದೇ ಸಾಲು ಒಂದು ಬ್ಲಾಕ್ ಒಳಗೆ ಸರಿದರೂ ಸೆಕ್ಯೂರಿಟಿ ಹೆಡರುಗಳು ಮಾಯವಾಗಬಹುದು.

4. ಪ್ರೋಗ್ರಾಂ ಹೇಳದಿದ್ದರೆ ಪಠ್ಯವನ್ನು ಹದ ಮಾಡಿ

ಎಲ್ಲ ಪ್ರೋಗ್ರಾಂಗಳೂ ಇಷ್ಟು ಸಹಾಯ ಮಾಡುವುದಿಲ್ಲ. ಆಗ ಎರಡೂ ಫೈಲುಗಳನ್ನು ಒಂದೇ ರೂಪಕ್ಕೆ ತರಬೇಕು. ಈ ಕ್ರಮದಲ್ಲೇ ಮಾಡಿ.

ಮೊದಲು ಸಾಲಿನ ಕೊನೆಗಳನ್ನು ಸರಿಮಾಡಿ. ವಿಂಡೋಸ್‌ನಲ್ಲಿ ಎಡಿಟ್ ಮಾಡಿದ ಫೈಲಿನ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಜಾಸ್ತಿ ಇರುತ್ತದೆ. ಡಾಸ್‌ಟುಯೂನಿಕ್ಸ್ ಓಡಿಸಿದರೆ ಹೋಗುತ್ತದೆ. ಕ್ಯಾಟ್‌ಗೆ ಕ್ಯಾಪಿಟಲ್ ಎ ಕೊಟ್ಟರೆ ಇಂಥ ಗುಪ್ತ ಅಕ್ಷರಗಳು ಕಾಣುತ್ತವೆ.

ಆಮೇಲೆ ಖಾಲಿ ಸಾಲು ಮತ್ತು ಕಾಮೆಂಟ್ ಸಾಲು ತೆಗೆಯಿರಿ. # ಚಿಹ್ನೆಯಿಂದ ಶುರುವಾಗುವ ಸಾಲುಗಳನ್ನು ಮಾತ್ರ ತೆಗೆಯಿರಿ. ಸಾಲಿನ ನಡುವೆ # ಕಂಡರೆ ಅಲ್ಲಿಂದ ಕತ್ತರಿಸಬೇಡಿ, ಅದು ಪಾಸ್‌ವರ್ಡಿನ ಭಾಗವಾಗಿರಬಹುದು. ಕೆಲವು ಫೈಲುಗಳಲ್ಲಿ ಕಾಮೆಂಟಿಗೆ ಅರ್ಧವಿರಾಮ ಚಿಹ್ನೆ (;) ಬಳಸುತ್ತಾರೆ, ಅದನ್ನೂ ನೋಡಿಕೊಳ್ಳಿ.

ನಂತರ ಸಾಲಿನ ಮೊದಲ ಮತ್ತು ಕೊನೆಯ ಖಾಲಿ ಜಾಗ ತೆಗೆದು, = ಚಿಹ್ನೆಯ ಅಕ್ಕಪಕ್ಕದ ಜಾಗವನ್ನು ಒಂದೇ ಥರ ಮಾಡಿ. ಮೈಎಸ್‌ಕ್ಯೂಎಲ್‌ನ ಫೈಲಿನಲ್ಲಿ ಸೆಟ್ಟಿಂಗ್ ಹೆಸರಿನ ಅಡ್ಡಗೆರೆಯೂ (-) ಅಡಿಗೆರೆಯೂ (_) ಒಂದೇ ಲೆಕ್ಕ. ಅದನ್ನೂ ಒಂದಕ್ಕೆ ತನ್ನಿ, ಹೆಸರಿನ ಭಾಗದಲ್ಲಿ ಮಾತ್ರ. ಇಡೀ ಫೈಲನ್ನು ಸಣ್ಣಕ್ಷರಕ್ಕೆ ಬದಲಿಸಬೇಡಿ. ಲಿನಕ್ಸ್‌ನಲ್ಲಿ ಫೈಲಿನ ದಾರಿಗೆ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ.

ಈಗ, ಸಾರ್ಟ್‌ಗೆ ಮುಂಚೆ, ಎರಡು ಸಲ ಬಂದ ಹೆಸರುಗಳನ್ನು ಹುಡುಕಿ. ಆಕ್‌ನಿಂದ ಹೆಸರಿನ ಕಾಲಂ ಮಾತ್ರ ತೆಗೆದು, ಸಾರ್ಟ್ ಮಾಡಿ, ಯೂನಿಕ್ ಮೈನಸ್ ಡಿ ಕೊಟ್ಟರೆ ಪಟ್ಟಿ ಸಿಗುತ್ತದೆ. ಪಟ್ಟಿ ಖಾಲಿಯಿದ್ದರೆ ಒಂದು ದೊಡ್ಡ ಅಪಾಯ ಕಳೆಯಿತು. ಒಂದೇ ಒಂದು ಹೆಸರು ಬಂದರೂ ಅಲ್ಲೇ ನಿಂತು, ಮೊದಲನೆಯದು ಗೆಲ್ಲುತ್ತದಾ ಕೊನೆಯದಾ ಎಂದು ನೋಡಿ, ಸೋತ ಸಾಲನ್ನು ನಕಲಿನಿಂದ ತೆಗೆದು ಮುಂದುವರಿಯಿರಿ. ಸೇರುತ್ತಾ ಹೋಗುವ ಸೆಟ್ಟಿಂಗ್ ಆಗಿದ್ದರೆ ಹಾಗೇ ಬಿಡಿ. ಸಾರ್ಟ್‌ಗೆ ಮೈನಸ್ ಯು ಕೊಡುವ ಅಭ್ಯಾಸ ಇರುವವರು ಇಲ್ಲಿ ಬಿಡಬೇಕು. ಅದು ಒಂದೇ ಥರದ ಸಾಲುಗಳನ್ನು ನುಂಗಿಹಾಕುತ್ತದೆ.

ಫೈಲಿನಲ್ಲಿ ಸೆಕ್ಷನ್‌ಗಳಿದ್ದರೆ, ಅಂದರೆ ಚೌಕ ಆವರಣದಲ್ಲಿ [ಕ್ಲೈಂಟ್], [ಮೈಎಸ್‌ಕ್ಯೂಎಲ್‌ಡಿ] ಎಂಬ ತಲೆಬರಹಗಳಿದ್ದರೆ, ನೇರವಾಗಿ ಸಾರ್ಟ್ ಮಾಡುವಂತಿಲ್ಲ. ಪೋರ್ಟ್ ಎಂಬ ಸಾಲು ಎರಡರಲ್ಲೂ ಇರುತ್ತದೆ, ಎರಡರ ಅರ್ಥವೂ ಬೇರೆ. ಆಕ್‌ನಲ್ಲಿ ಎರಡು ಸಾಲು ಬರೆದರೆ ಸಾಕು: ಚೌಕ ಆವರಣ ಕಂಡಾಗ ಆ ಹೆಸರನ್ನು ನೆನಪಿಟ್ಟುಕೋ, ಬೇರೆ ಸಾಲು ಕಂಡಾಗ ಆ ಹೆಸರನ್ನು ಮುಂದೆ ಅಂಟಿಸಿ ಮುದ್ರಿಸು. ಆಗ ‘ಮೈಎಸ್‌ಕ್ಯೂಎಲ್‌ಡಿ.ಪೋರ್ಟ್=3306’ ಎಂಬಂಥ ಸಾಲುಗಳು ಬರುತ್ತವೆ. ಪ್ರತಿ ಸಾಲಿನಲ್ಲೂ ಅದರ ವಿಳಾಸ ಇರುವುದರಿಂದ ಈಗ ನಿಶ್ಚಿಂತೆಯಾಗಿ ಸಾರ್ಟ್ ಮಾಡಬಹುದು. ಎರಡು ಸಲ ಬಂದ ಹೆಸರು ಹುಡುಕುವುದನ್ನೂ ಇಂಥ ಫೈಲಿನಲ್ಲಿ ಇದಾದ ಮೇಲೆಯೇ ಮಾಡಿ.

ಸಾರ್ಟ್ ಮಾಡುವಾಗ ಎಲ್‌ಸಿ_ಆಲ್=ಸಿ ಎಂದು ಮುಂದೆ ಹಾಕಿ. ಭಾಷಾ ಸೆಟ್ಟಿಂಗ್ ಬೇರೆಯಿದ್ದರೆ ಎರಡು ಯಂತ್ರಗಳ ಸಾರ್ಟ್ ಬೇರೆ ಬೇರೆ ಕ್ರಮ ಕೊಡುತ್ತದೆ. ಕೊನೆಗೆ ಕಾಮ್‌ಗೂ ಅದನ್ನೇ ಹಾಕಿ, ಮೈನಸ್ 3 ಕೊಡಿ. ಎಡಗಡೆ ಹಳೆಯದರಲ್ಲಿ ಮಾತ್ರ ಇರುವ ಸಾಲು, ಬಲಗಡೆ ಹೊಸದರಲ್ಲಿ ಮಾತ್ರ ಇರುವುದು. ಎರಡರಲ್ಲೂ ಇರುವುದು ಕಾಣಿಸುವುದಿಲ್ಲ.

ಸಾರ್ಟ್ ಮಾಡಲಾಗದ ಫೈಲುಗಳಿಗೆ, ಫೈಲುಗಳ ಬದಲಾವಣೆ ದಾಖಲಿಸುವ ಗಿಟ್ ಎಂಬ ಟೂಲಿನ ಗಿಟ್ ಡಿಫ್ ಬಳಸಿ. ಅದರಲ್ಲಿ ಕಲರ್-ಮೂವ್ಡ್ ಎಂಬ ಆಯ್ಕೆ ಇದೆ. ಜಾಗ ಬದಲಿಸಿದ ಸಾಲುಗಳಿಗೆ ಬೇರೆ ಬಣ್ಣ ಹಚ್ಚುತ್ತದೆ, ನಿಜವಾಗಿ ಬದಲಾದದ್ದು ಎದ್ದು ಕಾಣುತ್ತದೆ. ಗಿಟ್ ರೆಪೊ ಇಲ್ಲದಿದ್ದರೂ ನೋ-ಇಂಡೆಕ್ಸ್ ಆಯ್ಕೆಯಿಂದ ಯಾವ ಎರಡು ಫೈಲುಗಳನ್ನಾದರೂ ಹೋಲಿಸಬಹುದು.

5. ಜೇಸನ್ ಮತ್ತು ಯಾಮಲ್

ಜೇಸನ್‌ನಲ್ಲಿ ಕೀಗಳ, ಅಂದರೆ ಹೆಸರುಗಳ, ಕ್ರಮಕ್ಕೆ ಅರ್ಥವಿಲ್ಲ. ಲಿಸ್ಟಿನ ಕ್ರಮಕ್ಕೆ ಇದೆ. ಜೆಕ್ಯೂಗೆ ಕ್ಯಾಪಿಟಲ್ ಎಸ್ ಕೊಟ್ಟರೆ ಕೀಗಳನ್ನು ಎಲ್ಲ ಹಂತದಲ್ಲೂ ಜೋಡಿಸುತ್ತದೆ, ಲಿಸ್ಟನ್ನು ಮುಟ್ಟುವುದಿಲ್ಲ. ಎರಡನ್ನೂ ಹಾಗೆ ಜೋಡಿಸಿ ಡಿಫ್ ಹಾಕಿ. ಒಂದೇ ಕೀ ಎರಡು ಸಲ ಇದ್ದರೆ ಜೆಕ್ಯೂ ಸದ್ದಿಲ್ಲದೆ ಕೊನೆಯದನ್ನು ಹಿಡಿಯುತ್ತದೆ, ನಿಮ್ಮ ಸರ್ವರ್ ಹಾಗೇ ಮಾಡುತ್ತದೆ ಎಂಬ ಖಾತ್ರಿ ಇಲ್ಲ.

ಯಾಮಲ್ ಜೇಸನ್‌ನಂಥದೇ ಇನ್ನೊಂದು ರೂಪ. ಅದನ್ನು ವೈಕ್ಯೂ ಎಂಬ ಟೂಲಿನ ಮೂಲಕ ಜೇಸನ್‌ಗೆ ಬದಲಿಸಿ ಅದೇ ದಾರಿ ಹಿಡಿಯಿರಿ. ವೈಕ್ಯೂ ಎಂಬ ಹೆಸರಿನಲ್ಲಿ ಎರಡು ಬೇರೆ ಟೂಲುಗಳಿವೆ, ಎರಡು ಕಡೆಯೂ ಒಂದನ್ನೇ ಬಳಸಿ. ಯಾಮಲ್ 1.1ರ ನಿಯಮದಲ್ಲಿ ಕೋಟ್ ಇಲ್ಲದ ‘ನೋ’ ಅಂದರೆ ಫಾಲ್ಸ್. 22:22 ಎಂದು ಕೋಟ್ ಇಲ್ಲದೆ ಬರೆದರೆ ಅದು ಅರವತ್ತರ ಲೆಕ್ಕದಲ್ಲಿ 1342 ಆಗುತ್ತದೆ! 1.2ರಲ್ಲಿ ಹಾಗಿಲ್ಲ. ಬದಲಿಸಿದ ಫೈಲು ಹೋಲಿಕೆಗೆ ಮಾತ್ರ, ಸರ್ವರಿಗೆ ಹಾಕಬೇಡಿ.

6. ಉಳಿದ ವ್ಯತ್ಯಾಸಗಳನ್ನು ವಿಂಗಡಿಸಿ

ಈಗ ಕೈಯಲ್ಲಿ ಒಂದು ಚಿಕ್ಕ ಪಟ್ಟಿ ಇರುತ್ತದೆ. ಅದರಲ್ಲಿ ಬೇರೆ ಇರಲೇಬೇಕಾದವು ಕೆಲವು: ಹೋಸ್ಟ್ ಹೆಸರು, ಐಪಿ. ಮೈಎಸ್‌ಕ್ಯೂಎಲ್ ರೆಪ್ಲಿಕೇಶನ್, ಅಂದರೆ ಒಂದು ಸರ್ವರಿನ ಡೇಟಾ ಇನ್ನೊಂದಕ್ಕೆ ನಕಲಾಗುವ ಏರ್ಪಾಡು, ಇದ್ದರೆ ಸರ್ವರ್-ಐಡಿ ಎರಡು ಕಡೆ ಬೇರೆಯೇ ಇರಬೇಕು. ಅದು ಪಟ್ಟಿಯಲ್ಲಿ ಕಾಣದಿದ್ದರೆ ಗಾಬರಿಯಾಗಬೇಕು.

ಕೆಲವು ನೋಟಕ್ಕೆ ಮಾತ್ರ ಬೇರೆ. ಪೋಸ್ಟ್‌ಗ್ರೆಸ್‌ನ ಶೇರ್ಡ್_ಬಫರ್ಸ್‌ಗೆ 128 ಎಂಬಿ ಎಂದರೂ, 131072 ಕೆಬಿ ಎಂದರೂ, ಮಾಮೂಲಿ 8 ಕೆಬಿ ಬ್ಲಾಕಿನ ಲೆಕ್ಕದಲ್ಲಿ ಬರೀ 16384 ಎಂದರೂ ಒಂದೇ. ಆನ್, ಟ್ರೂ, ಎಸ್, 1 ಇವೂ ಅಲ್ಲಿ ಒಂದೇ. ಒಂದು ಫೈಲಿನಲ್ಲಿ ಮ್ಯಾಕ್ಸ್_ಕನೆಕ್ಷನ್ಸ್ = 100 ಇದ್ದು ಇನ್ನೊಂದರಲ್ಲಿ ಆ ಸಾಲೇ ಇಲ್ಲದಿದ್ದರೂ ಒಂದೇ, ಏಕೆಂದರೆ ಡಿಫಾಲ್ಟ್ 100.

ಎಚ್ಚರಿಕೆ: ಡಿಫಾಲ್ಟ್‌ಗಳು ವರ್ಷನ್ ಜೊತೆ ಬದಲಾಗುತ್ತವೆ. ಮೈಎಸ್‌ಕ್ಯೂಎಲ್ 5.7ರಲ್ಲಿ ಸರ್ವರಿನ ಡಿಫಾಲ್ಟ್ ಅಕ್ಷರ ಸೆಟ್ ಲ್ಯಾಟಿನ್1, 8.0ರಲ್ಲಿ ಯುಟಿಎಫ್8ಎಂಬಿ4. ಲ್ಯಾಟಿನ್1ರಲ್ಲಿ ಕನ್ನಡ ಅಕ್ಷರಗಳಿಗೆ ಜಾಗವೇ ಇಲ್ಲ. ಪೋಸ್ಟ್‌ಗ್ರೆಸ್ 14ರಲ್ಲಿ ಪಾಸ್‌ವರ್ಡ್ ಕೂಡಿಡುವ ಡಿಫಾಲ್ಟ್ ವಿಧಾನ ಎಂಡಿ5ರಿಂದ ಸ್ಕ್ರ್ಯಾಮ್‌ಗೆ ಬದಲಾಯಿತು. ಫೈಲು ಅಕ್ಷರಕ್ಷರ ಒಂದೇ ಇದ್ದರೂ ಸರ್ವರ್ ಬೇರೆಯಾಗಿ ನಡೆದುಕೊಳ್ಳುತ್ತದೆ. ಮೊದಲ ಹಂತದಲ್ಲಿ ಬರೆದಿಟ್ಟ ವರ್ಷನ್‌ಗಳು ಬೇರೆಯಿದ್ದರೆ, ಮೂರನೇ ಹಂತದ ದಾರಿಯೊಂದೇ ನಂಬಬಹುದಾದದ್ದು.

7. ನಡವಳಿಕೆ ನೋಡಿ

ಮೊದಲು ಬರವಣಿಗೆ ಸರಿಯಿದೆಯಾ ಎಂದು ಪರೀಕ್ಷಿಸಿ. ಎಸ್‌ಎಸ್‌ಎಚ್‌ಡಿಗೂ ಎಂಜಿನ್‌ಎಕ್ಸ್‌ಗೂ ಸಣ್ಣಕ್ಷರದ ಟಿ ಕೊಟ್ಟರೆ ಅಷ್ಟನ್ನೇ ಮಾಡುತ್ತವೆ. ಆಮೇಲೆ ಎರಡೂ ವೆಬ್ ಸರ್ವರ್‌ಗಳಿಗೆ, ವೆಬ್ ವಿಳಾಸ ತರಿಸುವ ಕರ್ಲ್ ಕಮಾಂಡಿನಿಂದ, ಒಂದೇ ವಿಳಾಸಗಳನ್ನು ಕೇಳಿ, ಸ್ಟೇಟಸ್ ಕೋಡ್ ಮತ್ತು ಹೆಡರುಗಳನ್ನು ಹೋಲಿಸಿ. ಎರಡನೇ ಹಂತದಲ್ಲಿ ಸಂಶಯ ಬಂದ ಜಾಗಗಳನ್ನೇ ಆರಿಸಿ: ರೆಜೆಕ್ಸ್ ಲೊಕೇಶನ್‌ಗೆ ಹೊಂದುವ ವಿಳಾಸ, ಇಲ್ಲದ ಹೋಸ್ಟ್ ಹೆಸರು, ತಡೆದಿರುವ ಐಪಿ. ಮುಖಪುಟ ತೆರೆಯಿತು ಅಂತ ಸಮಾಧಾನಪಟ್ಟುಕೊಂಡರೆ ಪ್ರಯೋಜನವಿಲ್ಲ, ಅದು ಹೇಗಿದ್ದರೂ ತೆರೆಯುತ್ತದೆ.

ಎಸ್‌ಎಸ್‌ಎಚ್ ಬದಲಿಸಿ ರೀಲೋಡ್ ಮಾಡುವಾಗ ಈಗಿರುವ ಸಂಪರ್ಕವನ್ನು ಮುಚ್ಚಬೇಡಿ. ಇನ್ನೊಂದು ಟರ್ಮಿನಲ್‌ನಿಂದ ಹೊಸದಾಗಿ ಲಾಗಿನ್ ಆಗಿ ನೋಡಿ. ಪಾಸ್‌ವರ್ಡ್ ಬಂದ್ ಆಗಿರಬೇಕಾದರೆ ಪಾಸ್‌ವರ್ಡ್‌ನಿಂದಲೂ ಪ್ರಯತ್ನಿಸಿ, ಅದು ಸೋಲಬೇಕು. ಎರಡೂ ಸರಿಬಂದ ಮೇಲೆ ಮೊದಲಿನ ಟರ್ಮಿನಲ್ ಮುಚ್ಚಿ.